ಗೇಣಿಯ ಸೇರು

ಕಂಕನಾಡಿ, ಮಂಗಳೂರು
೨೫–೭–೧೯೮೫, ಗುರುವಾರ

ಕುಶಲಾಳ ಅಪ್ಪನಿಗೆ,

ನಾನು ಇಲ್ಲಿ ಸುಖವಾಗಿದ್ದೇನೆ ಅಂತ ಬರೆದರೆ ಸುಳ್ಳಾಗುತ್ತದೆ, ನೀವು ಹೇಗಿದ್ದೀರಿ ಅಂತ ಕೇಳಿದರೆ ಗೇಲಿ ಮಾಡಿದ ಹಾಗಾಗುತ್ತದೆ. ಎರಡನ್ನೂ ಬಿಟ್ಟು ವಿಷಯಕ್ಕೆ ಬರುತ್ತೇನೆ.

ನಿಮ್ಮ ಎರಡೂ ಕಣ್ಣಿಗೆ ಕಟ್ಟು ಹಾಕಿದ್ದಾರೆ, ಸೋಮವಾರ ಬಿಚ್ಚುತ್ತಾರೆ ಅಂತ ದೋಣಿಯ ಲೀಲಾಧರಣ್ಣ ಹೇಳಿದ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಮಾಮಿ ನಿಮ್ಮ ಮಂಚದ ಹತ್ತಿರ ಕೂತು ಪೇಪರ್ ಓದಿ ಹೇಳುತ್ತಾರಂತೆ. ಹಾಗಾದರೆ ಈ ಪತ್ರವನ್ನು ಓದುವವರೂ ಅವರೇ. ಗಂಡನಿಗೆ ಬರೆದದ್ದು ಅತ್ತೆಯ ಬಾಯಲ್ಲಿ ಹೊರಗೆ ಬರಬೇಕು, ಎಂತ ಗ್ರಹಚಾರ ನೋಡಿ! ಆದರೂ ಒಳ್ಳೆಯದೇ ಆಯಿತು. ನಾನು ಹೇಳಿದ್ದನ್ನು ನೀವು ಯಾವತ್ತೂ ಪೂರ್ತಿ ಕೇಳಿದವರಲ್ಲ, ಅರ್ಧಕ್ಕೇ ಕೈ ಎತ್ತುತ್ತಿದ್ದಿರಿ. ತಾಯಿಯ ಮೇಲೆ ಹಾಗೆ ಕೈ ಎತ್ತಲಿಕ್ಕಾಗುವುದಿಲ್ಲ. ಮಾಮಿ, ನಿಮ್ಮಲ್ಲಿ ಒಂದೇ ಕೇಳಿಕೆ. ನಡುವೆ ಎಲ್ಲಿಯೂ ಹಾರಿಸಬೇಡಿ. ನಿಮಗೆ ಕಷ್ಟವಾಗುವ ಸಾಲುಗಳೂ ಬರುತ್ತವೆ, ಅವನ್ನೂ ಗಟ್ಟಿಯಾಗಿಯೇ ಓದಿ.

ನಿಮ್ಮ ತಮ್ಮ ನಿತ್ಯಾನಂದ ಮೊನ್ನೆ ಹೆಲನಳ ಮನೆಯ ಗೇಟಿನ ಹೊರಗೆ ನಿಂತು ಬೊಬ್ಬೆ ಹಾಕಿ ಹೋದರು. ಹೆಲನ್ ಯಾರು ಅಂತ ನಿಮಗೆ ನೆನಪಿರಲಿಕ್ಕಿಲ್ಲ. ಕಾಲೇಜಿನಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು, ಈಗ ಆಸ್ಪತ್ರೆಯಲ್ಲಿ ನರ್ಸ್, ನನ್ನ ತುಟಿಗೆ ಹೊಲಿಗೆ ಹಾಕಿದವಳೂ ಅವಳೇ. "ಭಾನುವಾರದೊಳಗೆ ಬಂದು ಅಣ್ಣನ ಕಾಲು ಹಿಡಿ. ತಲೆ ಸರಿ ಇರಲಿಲ್ಲ ಅಂತ ಎಲ್ಲರೆದುರು ಹೇಳು. ಇಲ್ಲದಿದ್ದರೆ ಕೊಲ್ಲಲಿಕ್ಕೆ ನೋಡಿದಳು ಅಂತ ಪೊಲೀಸಿಗೆ ಕೊಡ್ತೇನೆ, ಮಗುವಿನ ಮುಖ ಸಹ ನಿನಗೆ ನೋಡ್ಲಿಕ್ಕೆ ಸಿಗುವುದಿಲ್ಲ" ಅಂದರು. ಅಕ್ಕಪಕ್ಕದವರೆಲ್ಲ ಕಿಟಕಿಗೆ ಬಂದಿದ್ದರು. ಹೆಲನ್ ಗೇಟಿನವರೆಗೆ ಹೋಗಿ, "ಎಂತ ಮಾರಾಯ್ರೇ ನಿಮ್ಮ ಬೊಬ್ಬೆ? ಅವಳ ಬೆನ್ನು ನೋಡ್ಲಿಕ್ಕುಂಟಾ ನಿಮಗೆ? ಒಳಗೆ ಬನ್ನಿ, ತೋರಿಸ್ತೇನೆ" ಅಂದಳು. ಅವರು ಒಳಗೆ ಬರಲಿಲ್ಲ.

ನನ್ನ ಉತ್ತರ ಬರೆದುಬಿಡುತ್ತೇನೆ. ನಾನು ಬರುವುದಿಲ್ಲ. ಭಾನುವಾರ ಕುಶಲಾಳನ್ನು ಇಲ್ಲಿಗೆ ಕಳಿಸಿ. ನಮ್ಮಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಅಳಿಯಕಟ್ಟು, ಅಳಿಯಕಟ್ಟು ಅಂತ ಆಸ್ತಿ ಪಾಲಾಗುವ ಹೊತ್ತಿಗೆ ನೀವೆಲ್ಲ ಗಂಟಲು ಹರಿದುಕೊಂಡವರು. ಮಗುವಿನ ಹೊತ್ತಿಗೆ ಅದನ್ನು ಮರೆಯಬೇಡಿ.

ಯಾಕೆ ಹೊಡೆದೆ ಅಂತ ನಿತ್ಯಾನಂದ ಕೇಳಿದರು. ಕೇಳಿದ್ದಕ್ಕೆ ಹೇಳಬೇಕಲ್ಲ, ಹೇಳುತ್ತೇನೆ. ಆ ಗಾಜಿನ ತೊಟ್ಟಿಯಿಂದಲೇ ಶುರು ಮಾಡಬೇಕು.

ಮಾವ ತೀರಿಕೊಂಡ ವರ್ಷ ನೀವು ಹಡಗಿನ ಇಂಜಿನಿಯರ್ ಕೆಲಸ ಬಿಟ್ಟು ಬಂದಿರಿ. ಬಲ್ಮಠದ ಹೋಟೆಲನ್ನು ಅಣ್ಣ ತಮ್ಮ ಸೇರಿ ನೋಡಿಕೊಳ್ಳುವುದು ಅಂತಾಯಿತು. ಹೋಟೆಲಿಗಿಂತ ನಿಮಗೆ ಬೇರೆಯೇ ಹುಚ್ಚಿತ್ತು. ಸಿಂಗಾಪುರದಲ್ಲಿ ಯಾರದೋ ಮನೆಯಲ್ಲಿ ಗಾಜಿನೊಳಗೆ ಸಮುದ್ರ ಸಾಕಿದ್ದನ್ನು ನೋಡಿದ್ದಿರಂತೆ. ಫಳ್ನೀರಿನ ಮನೆಯ ಚಾವಡಿಯಲ್ಲಿ ಮಂಚದಷ್ಟು ಉದ್ದದ ತೊಟ್ಟಿ ಮಾಡಿಸಿದಿರಿ. ಲಕ್ಷದ್ವೀಪದಿಂದ ಬಂದರಿಗೆ ತೆಂಗಿನಕಾಯಿ ತರುವ ಮಂಜಿ ಹಡಗಿನವರಿಗೆ ಹೇಳಿ, ನೀರು ತುಂಬಿದ ಬಕೆಟಿನಲ್ಲಿ ಜೀವಂತ ಹವಳ ತರಿಸಿದಿರಿ. ಮೈತುಂಬ ಬೆರಳುಗಳಿದ್ದ ಒಂದು ಜೀವಿಯನ್ನು ಸಮುದ್ರದ ಹೂವು ಅಂತ ಹೇಳಿ ಕಲ್ಲಿನ ಮೇಲೆ ಕೂರಿಸಿದಿರಿ. ಅದರೊಳಗೆ ಅಡಗಿ ಕೂರುವ ಕಿತ್ತಳೆ ಬಣ್ಣದ ಎರಡು ಮೀನುಗಳೂ ಬಂದವು.

ಸುಳ್ಳು ಯಾಕೆ, ನನಗೂ ಇಷ್ಟವಾಗಿತ್ತು. ಮೊದಲ ಸಲ ದೀಪ ಹಾಕಿದ ಸಂಜೆ ನೀವು ನನ್ನ ಕೈ ಹಿಡಿದು ನೀರಿನೊಳಗೆ ಇಳಿಸಿ, "ಮುಟ್ಟು, ಹೆದರಬೇಡ, ಎಂತದೂ ಮಾಡುವುದಿಲ್ಲ" ಅಂದಿರಿ. ಆ ಹೂವು ಮೆಲ್ಲಗೆ ನನ್ನ ಬೆರಳಿಗೆ ಅಂಟಿಕೊಂಡಿತು. ಕುಶಲಾ ನಿಮ್ಮ ಹೆಗಲ ಮೇಲೆ ಕೂತು ಚಪ್ಪಾಳೆ ತಟ್ಟಿದಳು. ನಿಮ್ಮ ಕೈ ಅಷ್ಟು ಮೆತ್ತಗಿದ್ದದ್ದು ಅದೇ ಕೊನೆ.

ಬೇಸಿಗೆಯಲ್ಲಿ ತೊಂದರೆ ಇರಲಿಲ್ಲ. ಬೆಂಗ್ರೆಯ ಲೀಲಾಧರಣ್ಣ ದೋಣಿಯಲ್ಲಿ ದೂರ ಹೋಗಿ ತಿಳಿನೀರು ತುಂಬಿ ತರುತ್ತಿದ್ದ, ತೊಟ್ಟಿಗೆ ಹಾಕಿದರೆ ಆಯಿತು. ಮೀನು ಸುಖವಾಗಿದ್ದರೆ ನಾನೂ ಸುಖವಾಗಿದ್ದೆ. ಮಳೆ ಹಿಡಿದ ಕೂಡಲೇ ದೋಣಿಗಳನ್ನು ದಡಕ್ಕೆ ಎಳೆದು ಹಾಕುತ್ತಾರೆ, ನೇತ್ರಾವತಿಯ ಕೆಂಪು ನೀರು ಬಂದು ದಡದ ಸಮುದ್ರವೆಲ್ಲ ಕೆಸರು, ಉಪ್ಪಿನ ರುಚಿಯೇ ಇರುವುದಿಲ್ಲ. ಆಗ ಮನೆಯಲ್ಲೇ ಸಮುದ್ರ ಮಾಡಬೇಕು. ಅದನ್ನು ಮಾಡುವ ಕೆಲಸ ನನ್ನ ತಲೆಗೆ ಬಂತು.

ನಿಮ್ಮ ಇಂಗ್ಲಿಷ್ ಪತ್ರಿಕೆಯಲ್ಲಿದ್ದ ಪಾಕವೆಲ್ಲ ಪೌಂಡು, ಔನ್ಸು, ಗ್ಯಾಲನ್ನು. "ತಕ್ಕಡಿಯ ಮುಳ್ಳು ನೋಡುವುದು ನಿನ್ನಿಂದಾಗುವ ಕೆಲಸ ಅಲ್ಲ" ಅಂತ ಹೇಳಿ, ಬಿ.ಎ. ಪಾಸಾದ ನನಗೆ ಅಡುಗೆಮನೆಯ ಅಳತೆಗೆ ಇಳಿಸಿ ಕೊಟ್ಟಿರಿ. ನೀಲಿ ಡ್ರಮ್ಮಿನ ನೀರಿಗೆ ಉಪ್ಪು ಸೇರಿನಲ್ಲಿ. ಹೊಟ್ಟೆ ತೊಳೆಯಲು ಕೊಡುವ ಎಪ್ಸಮ್ ಉಪ್ಪು ಹಾಲು ಅಳೆಯುವ ಕುಡ್ತೆಯಲ್ಲಿ. ಸೋಡಾ ಪುಡಿ ಚಮಚದಲ್ಲಿ. ಹವಳ ಬೆಳೆಯಲು ಬೇಕಾದ ಸುಣ್ಣ, ಮಾಮಿ ಎಲೆಯಡಿಕೆಗೆ ಹಚ್ಚುವ ಚಿಪ್ಪಿನ ಸುಣ್ಣವೇ, ಬಕೆಟಿನಲ್ಲಿ ಕಲಸಿ ತಿಳಿ ಬಿಡಬೇಕು. ಕುಡ್ತೆ ಅಂಗಡಿಯದ್ದು, ಚಮಚ ಮನೆಯದ್ದು. ಸೇರು ಮಾತ್ರ ಮಾವನದ್ದು. ಊರಿನ ಮನೆಯಿಂದ ಬಂದ ಸಾಮಾನಿನಲ್ಲಿ ಅದಿತ್ತು, ಹಿತ್ತಾಳೆಯ ಬಳೆ ಬಿಗಿದ ಕಬ್ಬಿಣದ ಸೇರು. ನೀವು ಅದನ್ನು ಒರೆಸಿ ಮೇಜಿನ ಮೇಲಿಟ್ಟು, "ಶೀನಪ್ಪ ಶೆಟ್ಟರ ಸೇರು ಇದು. ಊರಿಡೀ ಇದರಲ್ಲಿ ನ್ಯಾಯ ಅಳೆದಿದ್ದಾರೆ. ಒಂದು ಸೇರು ಅಂದರೆ ಒಂದು ಸೇರು" ಅಂದಿರಿ. ಒಂದು ಸೇರಿಗೆ ಎಷ್ಟು ಉಪ್ಪು ಹಿಡಿಯುತ್ತದೆ ಅಂತ ಪುಸ್ತಕ ನೋಡಿ ಲೆಕ್ಕ ಹಾಕಿದಿರಿ. ಆ ಸೇರನ್ನೇ ತುಂಬಿಸಿ ತೂಗಿ ನೋಡಬೇಕು ಅಂತ ನಿಮಗೆ ಅನಿಸಲೇ ಇಲ್ಲ. ಅಪ್ಪನ ಸೇರನ್ನು ತೂಗಿ ನೋಡುವ ಮಗ ಯಾರಿದ್ದಾರೆ?

ಮೊದಲ ಮಳೆಗಾಲದಲ್ಲಿ ನಿಮ್ಮ ಹತ್ತಿರ ಆ ಗಾಜಿನ ಕೊಳವೆ ಇತ್ತು, ನೀರಿನಲ್ಲಿ ತೇಲಿಬಿಟ್ಟರೆ ಉಪ್ಪು ಎಷ್ಟಿದೆ ಅಂತ ತೋರಿಸುವಂಥದ್ದು. ನಾನು ಬೆರೆಸಿದ ನೀರಿನಲ್ಲಿ ಅದು ಗೆರೆಗಿಂತ ಬಹಳ ಮೇಲೆ ನಿಂತಿತು. ಸೇರಿನ ತಲೆ ಗೀರಲಿಲ್ಲ, ರಾಶಿ ಮಾಡಿ ತುಂಬಿಸಿದ್ದೀ ಅಂದಿರಿ. ಇಲ್ಲ, ಕುಶಲಾಳ ಸ್ಕೇಲಿನಿಂದ ಗೀರಿಯೇ ಹಾಕಿದ್ದೇನೆ ಅಂದೆ. "ಹಾಗಾದರೆ ನನ್ನ ಅಪ್ಪನ ಸೇರು ಸುಳ್ಳಾ?" ಅಂತ ಕೇಳಿ ಕೊಳವೆಯನ್ನು ನನ್ನ ಮುಖಕ್ಕೆ ಬೀಸಿ ಎಸೆದಿರಿ. ಹುಬ್ಬಿನ ಮೇಲಿನ ಗಾಯದ ಗುರುತು ಈಗಲೂ ಉಂಟು. ತಪ್ಪು ಎಲ್ಲಿದೆ ಅಂತ ತೋರಿಸುತ್ತಿದ್ದ ಒಂದೇ ಒಂದು ಸಾಮಾನು ಅದು, ಅದನ್ನು ನೀವೇ ಒಡೆದಿರಿ. ಅಂಥದ್ದು ಮಂಗಳೂರಿನಲ್ಲಿ ಸಿಗುವುದಿಲ್ಲ ಅಂತ ಮತ್ತೆ ತರಿಸಲೂ ಇಲ್ಲ. ಅಲ್ಲಿಂದ ಮುಂದೆ ಪರೀಕ್ಷೆ ಮಾಡಲು ಉಳಿದದ್ದು ನನ್ನ ಕೆನ್ನೆ ಮಾತ್ರ.

ಹವಳ ಬಿಳಿಚಿಕೊಂಡರೆ ಕೈಯಲ್ಲಿ. ಮೀನು ಸತ್ತರೆ ಬೆಲ್ಟಿನಲ್ಲಿ. ಸಮುದ್ರದ ಹೂವು ಮುದುಡಿ ಕೊಳೆತು ಚಾವಡಿಯೆಲ್ಲ ನಾರಿದ ದಿನ ಮೆಟ್ಟಿಲಿನ ಮೇಲಿಂದ ತಳ್ಳಿದಿರಿ. ಆಗ ಹೊಟ್ಟೆಯಲ್ಲಿದ್ದದ್ದು ಹೋಯಿತು. ಡಾಕ್ಟರಿಗೆ ನಾನು ಕಾಲು ಜಾರಿತು ಅಂದೆ. ಮಾಮಿ, ಇಲ್ಲಿ ನಿಲ್ಲಿಸಿದಿರೇನೋ. ನೀರು ಕುಡಿದು ಮುಂದೆ ಓದಿ.

ನನ್ನ ಅಣ್ಣನ ಹತ್ತಿರ ಹೋಗಿ ಹೇಳಿದರೆ, "ಹೊಂದಿಕೊಂಡು ಹೋಗು, ಒಂದು ಉಪ್ಪು ಅಳೆಯಲಿಕ್ಕೆ ನಿನಗೆ ಬರುವುದಿಲ್ಲವಾ?" ಅಂದ. ನನಗೇ ನನ್ನ ಮೇಲೆ ಸಂಶಯ ಬರುತ್ತಿತ್ತು. ಸೇರು ತುಂಬಿಸುವಾಗ ಗೀರಿದ್ದನ್ನೇ ಮತ್ತೆ ಮತ್ತೆ ಗೀರುತ್ತಿದ್ದೆ. ಮಳೆಯ ಮೊದಲ ಗುಡುಗು ಕೇಳಿದರೆ ಊರಿನವರಿಗೆಲ್ಲ ತಂಪು. ನನಗೆ ಬೆನ್ನು ಸೆಟೆದುಕೊಳ್ಳುತ್ತಿತ್ತು.

ಹೋದ ವರ್ಷ ಮಳೆಗಾಲದ ಶುರುವಿನಲ್ಲಿ ಬೆಲ್ಟಿನ ಗಾಯಕ್ಕೆ ಮಾಮಿ ಎಣ್ಣೆ ಹಚ್ಚುತ್ತಿದ್ದರು. ನಾನು ಗೋಡೆಗೆ ಮುಖ ಮಾಡಿ ಕೂತು, "ನಾನು ಸರಿಯಾಗಿಯೇ ಅಳೆದಿದ್ದೇನೆ ಮಾಮಿ, ದೇವರಾಣೆಗೂ" ಅಂತ ಅತ್ತೆ. ಅವರ ಕೈ ನನ್ನ ಬೆನ್ನ ಮೇಲೆ ನಿಂತಿತು. ಆಮೇಲೆ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. ನಾವಾಡಿದ್ದು ತುಳುವಿನಲ್ಲಿ, ಕನ್ನಡಕ್ಕೆ ತಂದಿದ್ದೇನೆ, ಅಷ್ಟೇ. ನಿಮ್ಮ ಮಾತು ಮಾಮಿ, ಈಗ ನೀವೇ ಹೇಳಿ.

"ನನಗೆ ಗೊತ್ತುಂಟು ಮಗಾ. ಅದು ಗೇಣಿಯ ಸೇರು. ಒಕ್ಕಲುಗಳಿಂದ ಅಕ್ಕಿ ತೆಗೆದುಕೊಳ್ಳಲಿಕ್ಕೆ ಮಾತ್ರ. ಕೊಡುವ ಸೇರು ಬೇರೆ ಇತ್ತು. ಹೊರಗಿಂದ ಎರಡೂ ಒಂದೇ. ಇದರ ತಳವನ್ನು ಒಳಗಿಂದ ಬಡಿದು ಇಳಿಸಿದ್ದು. ಚೆನ್ನಪ್ಪ ಅಂತ ಒಬ್ಬ ಒಕ್ಕಲು, ಧನಿಗಳೇ ಸೇರು ಯಾಕೋ ದೊಡ್ಡದು ಅಂತ ಕೇಳಿದ್ದಕ್ಕೆ, ನಿನ್ನ ಮಾವ ಅದೇ ಸೇರಿನಲ್ಲಿ ಅವನ ಬಾಯಿಗೆ ಹೊಡೆದಿದ್ದರು. ಹಲ್ಲು ಅಂಗಳದಲ್ಲಿ ಬಿದ್ದಿತ್ತು. ನಾನೇ ಗುಡಿಸಿದ್ದು."

ನಾನು ತಿರುಗಿ ಕೂತೆ. ಅಲ್ಲ ಮಾಮಿ, ಇಷ್ಟು ವರ್ಷ ನಾನು ಪೆಟ್ಟು ತಿನ್ನುವಾಗ ಇದನ್ನು ಇವರಿಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಅವನು ಅಪ್ಪನನ್ನು ದೇವರ ಹಾಗೆ ನಂಬಿದ್ದಾನೆ. ನಿನ್ನ ಬೆನ್ನು ನಾಲ್ಕು ದಿನದಲ್ಲಿ ಗುಣ ಆಗ್ತದೆ ಮಗಾ, ಹೋದ ಹೆಸರು ಬರುವುದಿಲ್ಲ. ನೀನೂ ಹೇಳಬೇಡ."

ಓದಿದಿರಾ, ಮಾಮಿ? ಥೂ, ಎಂತ ಹೆಸರು ಅದು! ಆವತ್ತು ನಿಮ್ಮ ಮೇಲೆ ಬಂದಷ್ಟು ಸಿಟ್ಟು ನನಗೆ ನಿಮ್ಮ ಮಗನ ಮೇಲೂ ಬಂದಿರಲಿಲ್ಲ.

ಮರುದಿನ ಹೋಟೆಲಿನಿಂದ ಸರಕಾರಿ ಮುದ್ರೆ ಇದ್ದ ಹಳೆಯ ಸೇರು ತರಿಸಿ ಅಕ್ಕಿ ತುಂಬಿಸಿ ಮಾವನ ಸೇರಿಗೆ ಸುರಿದೆ. ಮೇಲೆ ಮೂರು ಬೆರಳು ಖಾಲಿ ಉಳಿಯಿತು. ಹಾಗೆಯೇ ನೋಡುತ್ತಾ ಕೂತೆ. ಆ ಮೂರು ಬೆರಳಿನಷ್ಟು ಜಾಗದಲ್ಲಿ ಚೆನ್ನಪ್ಪನ ಹಲ್ಲಿತ್ತು, ನನ್ನ ಹೊಟ್ಟೆಯ ಪಿಂಡವಿತ್ತು. ಅಳು ಬರಲಿಲ್ಲ, ನಗು ಬಂತು. ಕುಶಲಾ ಬಂದು ಯಾಕೆ ನಗುತ್ತೀ ಅಂತ ಕೇಳಿದಳು.

ನಿಮಗೆ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆ ಅಂತ ಹುಬ್ಬು ನೆನಪಿಸುತ್ತಿತ್ತು. ಆವತ್ತಿನಿಂದ ಉಪ್ಪನ್ನು ಮೂರು ಬೆರಳು ಕೆಳಗೇ ನಿಲ್ಲಿಸಿ ಹಾಕಿದೆ. ಅಬ್ಬಾ, ಆ ತೊಟ್ಟಿ ಹೇಗೆ ಚಿಗುರಿತು ನಿಮಗೆ ನೆನಪುಂಟಲ್ಲ? ಮಳೆ ಹೊರಗೆ ಬೊಬ್ಬಿಡುತ್ತಿದ್ದರೂ ಒಳಗೆ ಹೊಸದಾಗಿ ತರಿಸಿದ ಹೂವು ಅರಳಿ ನಿಂತಿತ್ತು. ಹೊಸ ಮೀನಿನ ಜೋಡಿ ಕಲ್ಲಿನ ಮೇಲೆ ಮೊಟ್ಟೆ ಇಟ್ಟಿತು. ಹೋಟೆಲಿಗೆ ಬಂದವರನ್ನೆಲ್ಲ ಕರೆತಂದು ತೋರಿಸಿದಿರಿ. ಅವರೆದುರು, "ಕಡೆಗೂ ಅಳತೆ ಕಲಿತಳು. ಎಲ್ಲ ನಮ್ಮ ಅಪ್ಪನ ಸೇರಿನ ಮಹಿಮೆ" ಅಂತ ಹೇಳಿ ಗೋಡೆಯ ಮೇಲಿನ ಮಾವನ ಫೋಟೋಕ್ಕೆ ಕೈ ಮುಗಿದಿರಿ. ನಾನು ಒಳಗಿನಿಂದ ಚಹಾ ತಂದುಕೊಟ್ಟೆ. ಆ ಮಳೆಗಾಲ ನನಗೆ ಒಂದು ಪೆಟ್ಟೂ ಬೀಳಲಿಲ್ಲ. ಹೀಗೇ ಮುಗಿಯುತ್ತದೆ, ಸುಳ್ಳು ಸೇರಿಗೆ ನಾನು ಸುಳ್ಳು ತುಂಬಿಸುತ್ತಾ ಇದ್ದರೆ ಎಲ್ಲರೂ ಬದುಕಿಕೊಳ್ಳುತ್ತೇವೆ ಅಂತ ನಂಬಿದ್ದೆ.

ಈ ವರ್ಷ ಜೂನಿನಲ್ಲಿ ನೀವು ಹೋಟೆಲಿನಿಂದ ಬೇಗ ಬಂದಿರಿ. ನಾನು ಡ್ರಮ್ಮಿನ ಎದುರು ಕೂತಿದ್ದೆ, ಸೇರಿನಲ್ಲಿ ಉಪ್ಪು ಮೂರು ಬೆರಳು ಕೆಳಗಿತ್ತು. ನೀವು ಹಿಂದೆ ನಿಂತದ್ದು ಗೊತ್ತಾಗಲಿಲ್ಲ. "ನನ್ನ ಅಪ್ಪನ ಸೇರಿಗೆ ಕಡಿಮೆ ತುಂಬಿಸ್ತೀಯಾ?" ಅಂದಿರಿ. ರಾಶಿ ಹಾಕಿದೆ ಅಂತ ಹೊಡೆದವರು ಕಡಿಮೆ ಹಾಕಿದೆ ಅಂತ ಹೊಡೆದಿರಿ. ಆವತ್ತು ನನ್ನ ಬಾಯಿ ನಿಲ್ಲಲಿಲ್ಲ. ಸೇರೇ ಸುಳ್ಳು, ತಳ ಬಡಿದದ್ದು, ಬೇಕಾದರೆ ನಿಮ್ಮ ಅಮ್ಮನನ್ನು ಕೇಳಿ ಅಂದೆ. ಮಾಮಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಹೌದಾ ಅಮ್ಮ ಅಂತ ನೀವು ಕೇಳಿದಿರಿ. ಅವರು, "ಇವಳಿಗೆ ಎಂತ ಮರುಳು? ನನಗೆ ಗೊತ್ತಿಲ್ಲ" ಅಂದರು. ಆಮೇಲೆ ನೀವು ಮಾಡಿದ್ದನ್ನು ಬರೆಯುವುದಿಲ್ಲ, ಹೆಲನ್ ನೋಡಿದ್ದಾಳೆ, ಸಾಕು. ಸೇರನ್ನು ದೇವರ ಕೋಣೆಯಲ್ಲಿಟ್ಟು ಬೀಗ ಹಾಕಿ ಬೀಗದ ಕೈ ಮಾಮಿಗೆ ಕೊಟ್ಟಿರಿ. ನೀವು ಮನೆಯಲ್ಲಿದ್ದಾಗ ಮಾತ್ರ ಅದನ್ನು ಹೊರಗೆ ತೆಗೆಯಬೇಕು, ನಿಮ್ಮ ಕಣ್ಣೆದುರು ತಲೆಮಟ್ಟ ತುಂಬಿಸಬೇಕು ಅಂತ ಕಟ್ಟಳೆಯಾಯಿತು. ತೊಟ್ಟಿ ಸಾಯುತ್ತಾ ಬಂತು. ಅದು ಸಾಯುವುದನ್ನು ನೋಡುತ್ತಾ ನಾನು ನನ್ನ ಸರದಿಗೆ ಕಾಯುತ್ತಾ ಇದ್ದೆ.

ಹೋದ ಶನಿವಾರ ಮಧ್ಯಾಹ್ನ ನೀವು ಊಟಕ್ಕೆ ಬಂದಾಗ ಆ ಮೀನಿನ ಜೋಡಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಚೀಲ ಮೂಲೆಗೆ ಎಸೆದು ಬೆಲ್ಟ್ ಬಿಚ್ಚಿದಿರಿ. ಮೊದಲನೆಯ ಪೆಟ್ಟಿಗೇ ತುಟಿ ಒಡೆದು ನಾನು ಬಿದ್ದೆ. ಬಿದ್ದ ಮೇಲೆ ಬೂಟುಗಾಲಿನಲ್ಲಿ ಪಕ್ಕೆಗೆ ಒದ್ದಿರಿ. ಆಗ ಕುಶಲಾ ಶಾಲೆಯ ಯೂನಿಫಾರಮಿನಲ್ಲೇ ಓಡಿ ಬಂದು ನಿಮ್ಮ ಕಾಲು ತಬ್ಬಿಕೊಂಡಳು. "ಪಪ್ಪಾ, ಅಮ್ಮ ಅಲ್ಲ, ಉಪ್ಪು ಹಾಕಿದ್ದು ನಾನು, ನನಗೆ ಹೊಡಿ" ಅಂದಳು. ಏಳು ವರ್ಷದ ಮಗು ಸುಳ್ಳು ಹೇಳಿತು. ಅವಳು ಉಪ್ಪು ಮುಟ್ಟಿಯೇ ಇರಲಿಲ್ಲ. ಆ ಸುಳ್ಳು ಅವಳು ಕಲಿತದ್ದು ನಮ್ಮ ಮನೆಯಲ್ಲೇ.

ನೀವು ನಕ್ಕಿರಿ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಿರುವುದು. "ಹಾಗಾ? ಎಷ್ಟು ಹಾಕಿದ್ದೀ, ರುಚಿ ನೋಡಿ ಹೇಳು" ಅಂತ ಅವಳ ಎರಡು ಜಡೆಯನ್ನೂ ಒಂದೇ ಕೈಯಲ್ಲಿ ಹಿಡಿದು ಎತ್ತಿ ಮುಖವನ್ನು ತೊಟ್ಟಿಯ ನೀರಿನಲ್ಲಿ ಅದ್ದಿದಿರಿ. ತೆಗೆದು, ಗೊತ್ತಾಯಿತಾ ಅಂತ ಕೇಳಿ, ಮತ್ತೆ ಅದ್ದಿದಿರಿ. ಎರಡನೆಯ ಸಲ ತೆಗೆಯಲಿಲ್ಲ. ಅವಳ ಕಾಲು ಗಾಳಿಯಲ್ಲಿ ಒದೆಯುತ್ತಿತ್ತು, ಒಂದು ಚಪ್ಪಲಿ ಬಂದು ನನ್ನ ಮುಖದ ಹತ್ತಿರ ಬಿತ್ತು. ಗಾಜಿನ ಹಿಂದೆ ಅವಳ ಕಣ್ಣು ತೆರೆದೇ ಇತ್ತು, ಬಾಯಿಂದ ಗುಳ್ಳೆ ಬರುತ್ತಿತ್ತು. ನಾನು ನೆಲದಲ್ಲಿದ್ದೆ, ಏಳಲಿಕ್ಕೆ ಆಗುತ್ತಿರಲಿಲ್ಲ, ಕಿರುಚಲಿಕ್ಕೆ ಉಸಿರಿರಲಿಲ್ಲ.

ಕೈಗೆ ಸೇರು ಸಿಕ್ಕಿತು. ಅದು ಅಲ್ಲಿ ಹೇಗಿತ್ತು ಅಂತ ನಿತ್ಯಾನಂದ ಕೇಳಿದರಂತೆ. ಬೆಳಿಗ್ಗೆ ನಿಮ್ಮೆದುರು ಅಳೆದ ಮೇಲೆ ಒಳಗಿಡಲು ನಾನೇ ಮರೆತಿದ್ದೆ. ಹಾಗೆ ಹೇಳಿ ಅವರಿಗೆ.

ಅದನ್ನು ಎರಡೂ ಕೈಯಲ್ಲಿ ಹಿಡಿದು ಎದ್ದೆ. ಹೇಗೆ ಎದ್ದೆನೋ ದೇವರಿಗೇ ಗೊತ್ತು. ನಿಮ್ಮ ಕಿವಿಯ ಹಿಂದೆ ಹೊಡೆದೆ. ನೀವು ಕೈ ಬಿಡಲಿಲ್ಲ. ಮತ್ತೆ ಹೊಡೆದೆ, ನೀವು ತಿರುಗಿದಿರಿ, ಹಣೆಗೆ ಹೊಡೆದೆ. ಮೂಳೆ ಸಿಡಿದ ಸದ್ದು ಕೇಳಿತು. ಬೀಳುವಾಗ ಮೇಜಿನ ಬಟ್ಟೆ ಹಿಡಿದಿರಿ, ಅದರ ಮೇಲಿದ್ದ ಸುಣ್ಣದ ಬಕೆಟ್ಟು ನಿಮ್ಮ ಮುಖದ ಮೇಲೆ ಮಗುಚಿತು. ಸುಣ್ಣ ನಾನು ಎರಚಿದ್ದಲ್ಲ. ಆದರೆ ನೀವು ಕಣ್ಣು ಉಜ್ಜಿಕೊಂಡು ಬೊಬ್ಬೆ ಹಾಕುವಾಗ ನಾನು ನೀರು ತರಲು ಹೋಗಲಿಲ್ಲ. ಮಗುವನ್ನು ಮಗುಚಿ ಹಾಕಿ ಬೆನ್ನಿಗೆ ಬಡಿಯುತ್ತಿದ್ದೆ. ಅವಳು ಉಪ್ಪುನೀರು ಕಾರಿದಳು, ಕೆಮ್ಮಿದಳು, ಅಮ್ಮ ಅಂದಳು. ಆ ಮೇಲೆಯೇ ನನಗೆ ನಿಮ್ಮ ಕೂಗು ಕೇಳಿಸಿದ್ದು. ನಿಮ್ಮ ತಲೆಗೆ ನೀರು ಹೊಯ್ದವರು ಮಾಮಿ.

ನಿತ್ಯಾನಂದ ಬಂದು ಮಗುವನ್ನು ನನ್ನ ತೊಡೆಯಿಂದ ಕಿತ್ತುಕೊಂಡು, ನನ್ನನ್ನು ಕೂದಲು ಹಿಡಿದು ಎಳೆದು ಗೇಟಿನ ಹೊರಗೆ ದಬ್ಬಿದರು. ಕುಶಲಾಳ ಕೂಗು ರಸ್ತೆಯವರೆಗೆ ಕೇಳುತ್ತಿತ್ತು. ಅದು ಈಗಲೂ ನನ್ನ ಕಿವಿ ಬಿಟ್ಟಿಲ್ಲ. ನನ್ನ ಕೈಯಲ್ಲಿ ಸೇರು ಹಾಗೇ ಇತ್ತು, ಯಾರೂ ಗಮನಿಸಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡು ಕಂಕನಾಡಿಯವರೆಗೆ ಮಳೆಯಲ್ಲಿ ನಡೆದೆ.

ಅದು ಈಗ ಹೆಲನಳ ಮೇಜಿನ ಮೇಲಿದೆ. ಪೊಲೀಸ್ ಕಂಪ್ಲೇಂಟ್ ಕೊಡುವುದಾದರೆ ಕೊಡಿ. ಹೊಡೆದದ್ದು ಹೌದು ಅಂತ ನಾನೇ ಹೇಳುತ್ತೇನೆ, ಯಾಕೆ ಅಂತಲೂ ಹೇಳುತ್ತೇನೆ. ಆಗ ಈ ಸೇರು ಕೋರ್ಟಿನ ಮೇಜಿನ ಮೇಲೆ ಕೂರಬೇಕಾಗುತ್ತದೆ, ಪಕ್ಕದಲ್ಲಿ ಮುದ್ರೆ ಇದ್ದ ಸೇರು. ಅಕ್ಕಿ ನಾನೇ ತರುತ್ತೇನೆ. ವಿಚಾರಿಸಿ ನೋಡಿದೆ, ಚೆನ್ನಪ್ಪ ಈಗ ಕಂಕನಾಡಿ ಮಾರ್ಕೆಟಿನಲ್ಲಿ ಕಾಯಿ ಮಾರುತ್ತಾನೆ. ನಿನ್ನೆ ಹೋಗಿ ಎರಡು ತೆಂಗಿನಕಾಯಿ ತಂದೆ. ನಕ್ಕರೆ ಮುಂದಿನ ಹಲ್ಲಿಲ್ಲ. ನಾನು ಯಾರ ಸೊಸೆ ಅಂತ ಅವನಿಗೆ ಇನ್ನೂ ಗೊತ್ತಿಲ್ಲ. ಗೊತ್ತಾಗಬೇಕಾ, ಬೇಡವಾ ಅಂತ ನೀವು ತೀರ್ಮಾನಿಸಿ.

ನಿಮ್ಮ ಕಣ್ಣು ಬರಲಿ ಅಂತಲೇ ನನ್ನ ಮನಸ್ಸಿನಲ್ಲಿದೆ, ಇದು ಬಾಯಿಮಾತಲ್ಲ. ಬಂದ ಮೇಲೆ ಒಮ್ಮೆ ನಿಮ್ಮ ಅಪ್ಪನ ಫೋಟೋ ಸರಿಯಾಗಿ ನೋಡಿ. ನಿಮ್ಮ ಜೊತೆ ಬದುಕಬೇಕು ಅಂತ ನನಗೆ ಆಸೆ ಇತ್ತು. ಆ ಮೊದಲ ಸಂಜೆಯ ಕೈಯನ್ನು ನಾನು ಎಷ್ಟು ಮಳೆಗಾಲ ಕಾದೆ ಅಂತ ನಿಮಗೆ ತಿಳಿಯುವುದಿಲ್ಲ. ಈಗ ನನಗೆ ಮಗು ಬೇಕು, ಬೇರೇನೂ ಬೇಡ. ಭಾನುವಾರ ಹನ್ನೊಂದು ಗಂಟೆಗೆ ನಾನು ಹೆಲನಳ ಗೇಟಿನಲ್ಲಿ ನಿಂತಿರುತ್ತೇನೆ.

ಇಂತಿ,
ಕುಶಲಾಳ ತಾಯಿ
ಸ್ವರ್ಣಲತಾ

ಮರೆತ ಮಾತು: ಮಾಮಿ, ಇನ್ನು ಗಟ್ಟಿಯಾಗಿ ಓದಬೇಡಿ. ಪತ್ರ ಮುಗಿಯಿತು ಅಂತ ಅವರಿಗೆ ಹೇಳಿ. ಲೀಲಾಧರಣ್ಣನಿಗೆ ಇದನ್ನು ನಿತ್ಯಾನಂದ ಇಲ್ಲದ ಹೊತ್ತಿನಲ್ಲಿ ನಿಮ್ಮ ಕೈಗೇ ಕೊಡಬೇಕು ಅಂತ ಹೇಳಿ ಕಳಿಸಿದ್ದೇನೆ. ಈ ತುಂಡನ್ನು ಹರಿದು ಒಲೆಗೆ ಹಾಕಿ. ಸೇರನ್ನು ಒಳಗಿಡಲು ಮರೆತಿದ್ದೆ ಅಂತ ಮೇಲೆ ಬರೆದದ್ದು ಸುಳ್ಳು. ಬೆಳಿಗ್ಗೆ ನೀವೇ ಒಳಗಿಟ್ಟು ಬೀಗ ಹಾಕಿದ್ದಿರಿ, ನಾನು ನೋಡಿದ್ದೆ. ಕುಶಲಾಳ ಮುಖ ನೀರಿನಲ್ಲಿದ್ದಾಗ ದೇವರ ಕೋಣೆಯ ಬೀಗ ತೆಗೆದ ಸದ್ದು ನನಗೆ ಕೇಳಿತು. ಸೇರು ನೆಲದ ಮೇಲೆ ಉರುಳುತ್ತಾ ಬಂದು ನನ್ನ ಕೈಗೆ ತಾಗಿತು. ತಲೆ ಎತ್ತಿದಾಗ ನಿಮ್ಮ ಸೀರೆಯ ಅಂಚು ಬಾಗಿಲ ಹಿಂದೆ ಸರಿಯಿತು. ಇದನ್ನು ನಾನು ಯಾರಿಗೂ ಹೇಳಿಲ್ಲ, ಹೆಲನಳಿಗೂ ಇಲ್ಲ. ಆದರೆ ನಿಮ್ಮ ಮಗ ಆಗ ಅತ್ತ ನೋಡಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ, ಮತ್ತು ಸೋಮವಾರ ಕಟ್ಟು ಬಿಚ್ಚುತ್ತಾರೆ. ಭಾನುವಾರ ಕುಶಲಾಳನ್ನು ಬೇರೆಯವರ ಜೊತೆ ಕಳಿಸಬೇಡಿ. ನೀವೇ ಕೈ ಹಿಡಿದು ಕರೆದುಕೊಂಡು ಬನ್ನಿ, ನಿಮ್ಮ ಎರಡು ಸೀರೆಯೂ ತನ್ನಿ. ಇಲ್ಲಿ ಇನ್ನೊಂದು ಚಾಪೆ ಉಂಟು.